ಚಪ್ಪಲಿ ಮೆಟ್ಟಿ ಗರಡಿಗೆ ಇಳಿದ ರವಿವಾರ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಕುಂದಗೋಳ ತಾಲೂಕಿನ ನಮ್ಮೂರ ಗರಡಿಯಲ್ಲಿ ಹೆಣ್ಣುಮಕ್ಕಳಿಗೂ ಕುಸ್ತಿ ಕಲಿಸಲು ಶುರುಮಾಡಿದಾಗ, ಹತ್ತು ವರ್ಷದ ಮಗಳನ್ನು ನಾನೇ ಮುಂದೆ ನಿಂತು ಸೇರಿಸಿದೆ. ಇವಳು ಎಲ್ಲರನ್ನೂ ಎತ್ತಿ ಒಗೆಯುತ್ತಾಳೆಂಬ ಹಮ್ಮು ನನಗೆ. ಆದದ್ದೇ ಬೇರೆ. ಪ್ರತಿ ರವಿವಾರ ಹಿಟ್ಟಿನ ಗಿರಣಿಯವರ ಮಗಳು ಇವಳನ್ನು ಚಿತ್ ಮಾಡುತ್ತಿದ್ದಳು. ಇವಳೋ ಬೆನ್ನ ತುಂಬ ಕೆಂಪು ಮಣ್ಣು ಮೆತ್ತಿಕೊಂಡು ನಗುನಗುತ್ತ ಮನೆಗೆ ಬಂದು ಎರಡು ರೊಟ್ಟಿ ಹೆಚ್ಚಿಗೆ ತಿನ್ನುತ್ತಿದ್ದಳು. ನನಗೇ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಕೊನೆಗೊಮ್ಮೆ ಅಂದೇಬಿಟ್ಟೆ: “ಈ ರವಿವಾರ ಸೋತಿ ಅಂದ್ರ ಗರಡಿ ಬಂದ್. ಸುಮ್ನ ಮನ್ಯಾಗ ಕೂಡು.”

ಅವಳ ಮುಖ ಸಣ್ಣದಾಯಿತು. “ಹಂಗನಬ್ಯಾಡಪ್ಪಾ,” ಎಂದಳು. ಆ ವಾರವೆಲ್ಲ ಯಾರೂ ಎಬ್ಬಿಸದೆ ಎದ್ದು ಅಂಗಳದಲ್ಲಿ ಬಸ್ಕಿ ಹೊಡೆದಳು.

ರವಿವಾರ ಮೊಬೈಲಿನಲ್ಲಿ ವಿಡಿಯೊ ಮಾಡುತ್ತ ಕುಸ್ತಿ ಮಣ್ಣಿನ ಅಂಚಿನಲ್ಲಿ ನಿಂತಿದ್ದೆ. ಒಮ್ಮೆಲೇ ನನ್ನ ಮಗಳು ಬಗ್ಗಿ, ಎದುರಿನವಳ ಕಾಲು ಹಿಡಿದು ಎಳೆದಳು. ಗಿರಣಿಯವರ ಹುಡುಗಿ ಅಂಗಾತ ಬಿದ್ದಳು! ಅಬ್ಬಬ್ಬಾ, ನನಗೆ ಮೈಮೇಲೆ ಖಬರೇ ಉಳಿಯಲಿಲ್ಲ. “ಭಲೇ ಮಗಳ!” ಎಂದು ಕೂಗುತ್ತ ಓಡಿಹೋಗಿ ಅವಳನ್ನು ಎತ್ತಿಕೊಂಡೆ.

ಕುಸ್ತಿ ಕಲಿಸುವ ವಸ್ತಾದರು ನನ್ನ ಕಾಲನ್ನೇ ನೋಡುತ್ತಿದ್ದರು. ಚಪ್ಪಲಿ! ಮಜ್ಜಿಗೆ, ಎಣ್ಣೆ, ಅರಿಶಿನ ಹಾಕಿ ಹದಮಾಡಿದ ಮಣ್ಣದು. ಮಕ್ಕಳು ಅದನ್ನು ಮುಟ್ಟಿ ಹಣೆಗೆ ಹಚ್ಚಿಕೊಂಡೇ ಒಳಗಿಳಿಯುತ್ತಾರೆ.

“ಗೆದ್ದಳು ಅಂತ ನಾ ಇನ್ನೂ ಅಂದಿಲ್ಲ ತಮ್ಮಾ,” ಎಂದರು ವಸ್ತಾದರು. “ಚಪ್ಪಲ್ ತುಳಿದ ಮಣ್ಣಾಗಿನ ಕುಸ್ತಿ ಲೆಕ್ಕಕ್ಕಿಲ್ಲ. ಮತ್ತ ಹಿಡೀಬೇಕು.”

“ತಪ್ಪು ನಂದರಿ ಕಾಕಾ, ಆಕಿಗ್ಯಾಕ ಶಿಕ್ಷಾ?” ಎಂದು ಅಂಗಲಾಚಿದೆ. ಅವರು ಕೇಳಲಿಲ್ಲ. ನನ್ನ ಕೈಗೆ ಸಲಿಕೆ ಕೊಟ್ಟು ಮಣ್ಣು ಕೆದರಿಸಿದರು.

ಎರಡನೇ ಸಲ ಗಿರಣಿಯವರ ಹುಡುಗಿ ಎಚ್ಚರವಾಗಿದ್ದಳು. ಕಣ್ಣು ಮುಚ್ಚಿ ತೆರೆಯುವುದರೊಳಗೆ ನನ್ನ ಮಗಳು ಚಿತ್.

ನನ್ನ ಕಣ್ಣು ತುಂಬಿ ಬಂತು. ಅವಳು ಗೆದ್ದದ್ದನ್ನು ನಾನೇ ಕಸಿದುಕೊಂಡಿದ್ದೆ. ಅವಳು ಗೆಳತಿಯ ಬೆನ್ನು ತಟ್ಟಿ ನನ್ನ ಹತ್ತಿರ ಬಂದಳು. ಅಳುತ್ತಾಳೆ ಎಂದುಕೊಂಡೆ. ನನ್ನ ಮುಖ ನೋಡಿ ಕಿಸಕ್ಕನೆ ನಕ್ಕಳು.

“ಅಯ್ಯ, ಅಳ್ತೀ ಏನಪ್ಪಾ? ಬಿದ್ರ ಏನೂ ಆಗೂದಿಲ್ಲ. ನೀನೂ ನಾಳಿಂದ ಬಾ. ಇಲ್ಲಿ ಮೊದಲ ಬೀಳೂದ ಕಲಸ್ತಾರ.”

ವಸ್ತಾದರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮರುದಿನ ಮುಂಜಾನೆ ಸಣ್ಣ ಮಕ್ಕಳ ಸಾಲಿನಲ್ಲಿ, ಮಗಳ ಹಿಂದೆ, ನಾನೂ ನಿಂತಿದ್ದೆ. ಮೊದಲ ದಿನವೇ ನಾಲ್ಕು ಸಲ ಬಿದ್ದೆ.