ಪ್ರಹ್ಲಾದರಾಯರ ಚಿನ್ನದ ಪೋಥಿ

ನಮ್ಮ ಪಕ್ಕದ ಮನೆಯ ಸುಂದರಾಬಾಯಿ ಅಳುವುದಿಲ್ಲ. ಗಂಡ ಹೋಗಿ ಎರಡು ವರ್ಷವಾಯಿತು, ಕಣ್ಣಲ್ಲಿ ಒಂದು ಹನಿ ಇಲ್ಲ. ನಮ್ಮ ಮಲ್ಕಾಜ್‌ಗಿರಿ ಓಣಿಯ ಹೆಂಗಸರ ಬಾಯಿಗೆ ಬೀಗ ಇದೆಯೇ? "ಕಲ್ಲೆದಿ ಬಿಡ್ರಿ ಆಕಿದು" ಎಂದರು. ಅವರ ಬಾಯಿಗಷ್ಟು ಮಣ್ಣು ಹಾಕ! ನಡೆದದ್ದು ನನಗೆ ಗೊತ್ತು.

ಗಂಡ ಪ್ರಹ್ಲಾದರಾಯರು ರೈಲ್ವೆಯಲ್ಲಿದ್ದವರು. ಎಂಜಿನ್ ಸದ್ದಿಗೋ ವಯಸ್ಸಿಗೋ, ಕಿವಿ ಪೂರಾ ಹೋಗಿತ್ತು. ಹಿರಿಯರ ಕಾಲದ ಕೈಬರಹದ ಸ್ತೋತ್ರದ ಪೋಥಿ ಪುಡಿಯಾಗತೊಡಗಿದಾಗ, ನಿವೃತ್ತರಾದ ಮೇಲೆ ಅದರ ನಕಲು ಮಾಡಲು ಕೂತರು. ಬಿಡಿ ಹಾಳೆಗಳು, ದೀಪದ ಕಾಡಿಗೆಯ ಮಸಿ, ಹಾಳೆಗೊಂದು ಚಿತ್ರ. ಚಾರ್ಮಿನಾರ್ ಕಡೆಯಿಂದ ಚಿನ್ನದ ತೆಳು ವರಖು ತಂದು, ಗೋಂದಿನ ನೀರಲ್ಲಿ ಬೆರಳಿನಿಂದಲೇ ಅರೆದು ವಿಠ್ಠಲನ ಕಿರೀಟಕ್ಕೆ ಹಚ್ಚುತ್ತಿದ್ದರು. ಸ್ನಾನವಾಗದೆ ಕುಂಚ ಮುಟ್ಟುತ್ತಿರಲಿಲ್ಲ. ಊಟಕ್ಕೆ ಕೂಗಿದರೆ ಕೇಳಿಸುತ್ತಿರಲಿಲ್ಲ, ಅದೊಂದು ಅನುಕೂಲ!

ಮುಗಿದ ಮೇಲೆ ದಿನಾ ಬೆಳಿಗ್ಗೆ ಅದರದೇ ಪಾರಾಯಣ. ಸುಂದರಾಬಾಯಿ ಓದುವುದು, ಏನೂ ಕೇಳಿಸದ ಅವರು ಚಿತ್ರ ನೋಡುತ್ತ ಕೈಮುಗಿಯುವುದು.

ಆ ವರ್ಷ ನವರಾತ್ರಿಯಲ್ಲಿ ರಾಯರು ಹಾಸಿಗೆ ಹಿಡಿದರು. ಪುಸ್ತಕಗಳನ್ನೆಲ್ಲ ಸರಸ್ವತಿ ಪೂಜೆಗೆ ಇಟ್ಟಾಗಿತ್ತು. ಇಟ್ಟ ಮೇಲೆ ವಿಜಯದಶಮಿಯ ತನಕ ಬಿಚ್ಚುವಂತಿಲ್ಲ, ಓದುವಂತಿಲ್ಲ. ಪೋಥಿಯೂ ಕೆಂಪು ಬಟ್ಟೆಯಲ್ಲಿ ದೇವರ ಮುಂದಿತ್ತು. ನವಮಿಯ ಮಧ್ಯಾಹ್ನ ನಾನು ಗಂಜಿ ಒಯ್ದಾಗ ಅವರು ಹೆಂಡತಿಯ ಕೈ ಹಿಡಿದಿದ್ದರು.

"ಪೋಥಿ ತಗೀ. ವಿಠ್ಠಲನ್ನ ಒಮ್ಮೆ ನೋಡ್ತೀನಿ."

ಆಕೆ ದೇವರ ಕೋಣೆಗೆ ಹೋದಳು. ಬಟ್ಟೆಯ ಗಂಟಿಗೆ ಕೈ ಹಾಕಿದಳು, ಹಿಂದೆ ತೆಗೆದಳು. ಬಂದು, ಅವರಿಗೆ ತಿಳಿಯುವಂತೆ ಕೈಸನ್ನೆ ಮಾಡಿ ಹೇಳಿದಳು: "ಪೋಥಿ ಪೂಜಾಕ್ಕ ಕೂತದರಿ. ನಾಳೆ ತಗೀತೀನಿ."

"ಹೌದಲ್ಲ, ಮರತಿದ್ದೆ. ನಾಳೆ ಆತು ಬಿಡು" ಎಂದರು ರಾಯರು. ಮಡಿವಂತ ಮನುಷ್ಯ, ತಾವಾಗಿದ್ದರೂ ಬಿಚ್ಚುತ್ತಿರಲಿಲ್ಲ.

ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟರು. ಸೂತಕ ಬಂತು, ಪೋಥಿಯನ್ನು ಮುಟ್ಟುವಂತೆಯೇ ಇರಲಿಲ್ಲ. ಎಲ್ಲ ಮುಗಿದ ಮೇಲೆ ಬಿಚ್ಚಿ ಕೂತಳಂತೆ.

"ಓದಿದೆರಿ. ಏನೂ ಅನಸ್ಲಿಲ್ಲ" ಎಂದಳು ನನಗೆ, ಹಾಲು ಒಡೆಯಿತು ಅನ್ನುವ ದನಿಯಲ್ಲಿ.

ಹೋದ ವರ್ಷ ಆ ಮನೆಯಲ್ಲಿ ಹಬ್ಬವಿರಲಿಲ್ಲ. ಈ ಸಲ ಸೊಸೆ ಹರ್ಷದಾ ಮಣೆ ಹಾಕಿ, ಮಕ್ಕಳ ಪುಸ್ತಕ ಜೋಡಿಸಿ ಕೈ ಚಾಚಿದಳು.

"ಅತ್ಯಾ, ಪೋಥಿ ಕೊಡ್ರಿ. ಪೂಜಾಕ್ಕ ಇಡ್ತೀನಿ."

ಸುಂದರಾಬಾಯಿ ಪೋಥಿ ಬಿಚ್ಚಿ, ವಿಠ್ಠಲನ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಮುಖ ಎತ್ತಲಿಲ್ಲ.

"ಸರಸ್ವತಿಗೆ ಒಮ್ಮೆ ಕೊಟ್ಟಿದ್ನಲ್ಲ" ಅಂದಳು. "ಇನ್ನ ಕೊಡಂಗಿಲ್ಲ."