ಯಜಮಾನನ ಕುರ್ಚಿಯಲ್ಲಿ ಮಡಚಿದ ಚಾಕು

ಅಮಾನ್ಸ್ ಕೈರೋಲ್‌ನ ಬಳಿ ನಲವತ್ತಾರು ಚಾಕುಗಳಿದ್ದವು. ಒಬ್ರಾಕ್ ಸೀಮೆಯಲ್ಲಿ ಜೇಬಿನಲ್ಲಿ ಚಾಕು ಇಲ್ಲದ ಗಂಡಸು ಎಂದರೆ ಚಡ್ಡಿ ಮರೆತು ಬಂದವನ ಹಾಗೆ, ಅದೇನೋ ಸರಿ. ಆದರೆ ಉಳಿದವರಿಗೆಲ್ಲ ಒಂದು ಸಾಕು. ಅಪ್ಪನಿಂದ ಬಂದದ್ದು, ಸಾಯುವ ತನಕ ಬಾಳುವಂಥದ್ದು. ಅಮಾನ್ಸ್ ಮಾತ್ರ ಬೀರುವಿನ ಒಂದು ಖಾನೆಗೆ ಉಣ್ಣೆ ಹಾಸಿ ಅಷ್ಟನ್ನೂ ಸಾಲಾಗಿ ಮಲಗಿಸಿದ್ದ. ರಸ್ತೆ ರಿಪೇರಿಯ ಕೂಲಿ ಅವನು. ಬೆಳಿಗ್ಗೆ ಸಲಿಕೆ ಹೆಗಲಿಗೇರಿಸುವ ಮೊದಲು ಖಾನೆ ಎಳೆದು, "ಇವತ್ತು ಯಾರು ಬರ್ತೀರಪ್ಪಾ?" ಎಂದು ಕೇಳಿ ಒಂದನ್ನು ಎತ್ತಿಕೊಳ್ಳುವನು. ದನದ ಸಂತೆಗೆ ಹೋಗುವುದಿದ್ದರೆ ಬಾಟಲಿಯ ಬಿರಡೆ ತೆಗೆಯುವ ತಿರುಪು ಇರುವುದು. ಹಸಿ ಹುಲ್ಲು ಮೇದು ದನದ ಹೊಟ್ಟೆ ಉಬ್ಬುವ ಕಾಲಕ್ಕೆ ಚುಚ್ಚಿ ಗಾಳಿ ಬಿಡುವ ದಬ್ಬಳ ಇರುವುದು. ಸಾವಿನ ಮನೆಗೆ ಕರಿ ಕೊಂಬಿನ ಹಿಡಿಯದು.

"ಲೋ, ಇರೋದು ಎರಡು ಕೈ, ನಲವತ್ತಾರು ಚಾಕು ಯಾಕೋ?" ಎಂದು ಯಾರಾದರೂ ರೇಗಿಸಿದರೆ, "ನಿಂಗಿರೋದು ಒಂದೇ ಬಾಯಿ, ದಿನಕ್ಕೆ ಎಷ್ಟು ಬಾಟ್ಲಿ ಖಾಲಿ ಮಾಡ್ತೀಯ, ಮೊದಲು ಅದನ್ನ ಹೇಳು" ಎನ್ನುವನು. ಹೀಗೆ ಬಾಯಿ ಚುರುಕೇ. ಎಲ್ಲಿ ಬೇಕೋ ಅಲ್ಲಿ ಮಾತ್ರ ಬೀಗ ಬೀಳುತ್ತಿತ್ತು.

ಮೊದಲನೆಯ ಚಾಕು ಕೊಂಡದ್ದು ತಾನು ಆಳಾಗಿದ್ದ ಮನೆಯ ಮಗಳು ಫೆಲೀಸಿಯ ಮದುವೆಯ ದಿನ. ಊರೆಲ್ಲ ಚರ್ಚಿನ ಮುಂದೆ ನೆರೆದಿದ್ದಾಗ ಇವನು ನಡೆದುಕೊಂಡೇ ಲಯೋಲ್ ಪೇಟೆಗೆ ಹೋಗಿ, ಚಾಕು ಮಾಡುವವನ ಅಂಗಡಿಯಲ್ಲಿ ಸಂಜೆಯವರೆಗೆ ನಿಂತು, ಒಂದು ಕೊಂಡು ತಂದ. ಬೇರೆಯವರಾಗಿದ್ದರೆ ಕುಡಿಯುತ್ತಿದ್ದರು. ಆಮೇಲೆ ಅವಳ ನೆನಪು ತಡೆಯಲಾರದಷ್ಟು ಕಾಡಿದಾಗಲೆಲ್ಲ ಒಂದೊಂದು ಬಂತು. ಇಪ್ಪತ್ತೆರಡು ವರ್ಷಕ್ಕೆ ನಲವತ್ತಾರು. ಕಾಡಿದ್ದನ್ನು ಅವನು ಯಾರಿಗೂ ಹೇಳಿದವನಲ್ಲ.

ಫೆಲೀಸಿಯ ಅಪ್ಪ ವೆಸಾದ್‌ನ ಮನೆಯಲ್ಲಿ ಅವನು ಆರು ವರ್ಷ ಆಳಾಗಿದ್ದ. ನಮ್ಮ ಕಡೆ ಊಟದ ಮೇಜಿಗೆ ಒಬ್ಬನೇ ಯಜಮಾನ. ಅವನು ಚಾಕು ಬಿಚ್ಚಿದರೆ ಊಟ ಶುರು, ಅವನು ಚಾಕು ಮಡಚಿದರೆ ಊಟ ಮುಗಿಯಿತು. ನಿನ್ನ ತಟ್ಟೆಯಲ್ಲಿ ಏನು ಉಳಿದಿದೆ, ಬಾಯಲ್ಲಿ ಏನಿದೆ, ಯಾರೂ ಕೇಳುವುದಿಲ್ಲ. ಎದ್ದೆಯಾ, ಕೆಲಸಕ್ಕೆ ಹೋದೆಯಾ, ಅಷ್ಟೇ. ಮೊದಲು ಬಡಿಸುವುದು ಯಜಮಾನನಿಗೆ, ಕೊನೆಗೆ ಆಳಿಗೆ. ವೆಸಾದ್ ಬೇರೆ ತೋಳದ ಹಾಗೆ ಗಬಗಬ ತಿನ್ನುವವನು. ಆ ಮೇಜಿನ ಬಾಲದಲ್ಲಿ ಕೂತು ಅಮಾನ್ಸ್ ಬಿಸಿ ಸೂಪನ್ನು ಸುಡುಸುಡುವಾಗಲೇ ನುಂಗುವುದನ್ನು ಕಲಿತ. ಒಂದು ದಿನ ಧೈರ್ಯ ಮಾಡಿ, "ಯಜಮಾನ್ರೇ, ಫೆಲೀಸಿ ವಿಷಯ..." ಎಂದು ಬಾಯಿ ತೆರೆದದ್ದೂ ಉಂಟು. ಟಪ್ ಎಂದು ವೆಸಾದ್ ಚಾಕು ಮಡಚಿದ. ಎಲ್ಲರೂ ಎದ್ದರು. ಮಾತು ಅಲ್ಲಿಗೇ ನಿಂತಿತು, ಮುಂದಿನ ವರ್ಷ ಅವಳ ಮದುವೆಯಾಯಿತು.

ಈಗ ವೆಸಾದ್ ಇಲ್ಲ. ಮನೆ ಅಳಿಯನಾಗಿ ಬಂದಿದ್ದ ಫೆಲೀಸಿಯ ಗಂಡನೂ ತೀರಿಕೊಂಡು ನಾಲ್ಕು ವರ್ಷ. ಫೆಲೀಸಿಗೆ ಮಕ್ಕಳಿಲ್ಲ. ಆ ದೊಡ್ಡ ಮನೆಯಲ್ಲಿ ಅವಳು, ಹದಿನೆಂಟು ಹಸು, ಮತ್ತು ಕಿವಿ ಮಂದವಾದ ಮುದಿ ಆಳು ತೊಯ್ನು.

ಮೇ ತಿಂಗಳ ಒಂದು ಸಂತೆಯಲ್ಲಿ ಅವಳೇ ಇವನ ತೋಳು ಹಿಡಿದು ನಿಲ್ಲಿಸಿದಳು.

"ಅಮಾನ್ಸ್, ಎಸ್ಪಾಲ್ಯೋದಲ್ಲಿರೋ ನನ್ನ ತಂಗಿ ಹಾಸಿಗೆ ಹಿಡಿದಿದ್ದಾಳೆ, ಗೊತ್ತಲ್ಲ. ಮೂರು ಮಕ್ಕಳು. ಅವಳ ಗಂಡ ಕಾಮಿಲ್ ನನ್ನ ಕರೀತಿದ್ದಾನೆ, ಬಂದು ಮನೆ ನೋಡ್ಕೋ ಅಂತ. ಚಿಕ್ಕದರ ಕಮ್ಯೂನಿಯನ್ ಆಗೋವರೆಗೆ ಇರ್ಬೇಕಂತೆ."

"ಚಿಕ್ಕದಕ್ಕೆ ಎಷ್ಟು ವಯಸ್ಸು?"

"ನಾಲ್ಕು."

ಚರ್ಚಿನಲ್ಲಿ ಮಕ್ಕಳಿಗೆ ಕಮ್ಯೂನಿಯನ್ ಶಾಸ್ತ್ರ ಆಗುವುದು ಹನ್ನೆರಡು ವರ್ಷಕ್ಕೆ. ಅಮಾನ್ಸ್ ಬೆರಳಲ್ಲಿ ಲೆಕ್ಕ ಹಾಕಿದ.

"ನಾನು ಬೇಡ ಅಂದ್ರೆ ಬೇರೆ ಒಬ್ಬಳು ಸಿಕ್ಕಿದ್ದಾಳಂತೆ, ಒಳ್ಳೇ ಹೆಂಗಸೇ. ಭಾನುವಾರ ಮೂರು ಗಂಟೆಗೆ ಕಾಮಿಲ್ ಉತ್ತರಕ್ಕೆ ಬರ್ತಾನೆ. ನೀನು ಮಧ್ಯಾಹ್ನ ಊಟಕ್ಕೆ ಬಾ. ಏನಾದ್ರೂ ಹೇಳೋದಿದ್ರೆ ಊಟದಲ್ಲಿ ಹೇಳು. ನಾನು ಇನ್ನೂ ಬಿಡಿಸಿ ಹೇಳ್ಬೇಕಾ?"

"ಬೇಡ, ಬೇಡ" ಎಂದ ಅಮಾನ್ಸ್, ಕಿವಿಯವರೆಗೂ ಕೆಂಪಾಗಿ.

ಭಾನುವಾರ ಬೆಳಿಗ್ಗೆ ಖಾನೆ ಎಳೆದು ಕೂತವನು ಎರಡು ಗಂಟೆ ಕಾಲ ಏಳಲಿಲ್ಲ. ಒಂದನ್ನು ತೆಗೆದ, ಒರೆಸಿದ, ಇಟ್ಟ. ಸವೆದು ಸಡಿಲವಾದ ಹಳೆಯದೊಂದಿತ್ತು, ಕೈಗೆ ಪಳಗಿದ್ದು. ಛೆ, ಇಂಥ ದಿನಕ್ಕೆ ಇದಾ ಎಂದು ಬದಿಗಿಟ್ಟ. ಕೊನೆಗೆ ಎತ್ತಿಕೊಂಡದ್ದು ಬಿಳಿ ಕೊಂಬಿನ ಹಿಡಿಯದು, ಹೋದ ಚಳಿಗಾಲ ಕೊಂಡದ್ದು. ಅದರ ಸ್ಪ್ರಿಂಗು ಎಷ್ಟು ಬಿಗಿ ಎಂದರೆ ಮುಚ್ಚುವಾಗ ಬೆರಳಿಟ್ಟು ಅಲಗನ್ನು ಮೆಲ್ಲಗೆ ಇಳಿಸಬೇಕು, ಇಲ್ಲವಾದರೆ ಸಿಡಿಯುತ್ತದೆ. ಅವಳ ಮುಂದೆ ಚಂದದ್ದನ್ನು ಬಿಚ್ಚಬೇಕೆಂಬ ಶೋಕಿ, ನಲವತ್ತೇಳರ ವಯಸ್ಸಿನಲ್ಲಿ!

ದಾರಿಯುದ್ದಕ್ಕೂ ಒಂದೇ ವಾಕ್ಯ ಬಾಯಿಪಾಠ ಮಾಡಿದ. ಫೆಲೀಸಿ, ಹೋಗ್ಬೇಡ, ನನ್ನ ಮದುವೆ ಆಗು. ಐದು ಪದ. ಒಬ್ಬ ಗಂಡಸಿಗೆ ಐದು ಪದ ಹೇಳಲು ಇಷ್ಟು ಕಷ್ಟವೇ ಎಂದು ತನ್ನನ್ನೇ ಬೈದುಕೊಂಡ.

ಫೆಲೀಸಿ ಅವನನ್ನು ಕೂರಿಸಿದ್ದು ಮೇಜಿನ ತಲೆಯಲ್ಲಿ, ಗಡಿಯಾರದ ಕೆಳಗೆ, ಅಪ್ಪನ ಕುರ್ಚಿಯಲ್ಲಿ. ಗಂಡ ಹೋದಮೇಲೆ, ನಾಲ್ಕು ವರ್ಷದಿಂದ, ಆ ಕುರ್ಚಿಯಲ್ಲಿ ಯಾರೂ ಕೂತಿರಲಿಲ್ಲ. ಅರ್ಧ ಉತ್ತರವನ್ನು ಅವಳು ಆಗಲೇ ಕೊಟ್ಟಿದ್ದಳು, ತೊಯ್ನುವಿಗೂ ಅದು ಅರ್ಥವಾಗಿ, ಹಲ್ಲಿಲ್ಲದ ಬಾಯಿ ಅಗಲಿಸಿ, "ಅಬ್ಬಬ್ಬಾ, ರಸ್ತೆ ಕೂಲಿಗೆ ಸಿಂಹಾಸನ!" ಎಂದ. ಅರ್ಥವಾಗದಿದ್ದವನು ಇವನೊಬ್ಬನೇ. ಇವನ ತಲೆಯಲ್ಲಿ ಐದು ಪದ ಬಿಟ್ಟರೆ ಬೇರೆ ಏನಕ್ಕೂ ಜಾಗ ಇರಲಿಲ್ಲ.

ಸೂಪು ಬಂತು. ಹಂದಿಯ ಸಾಸೇಜು ಬಂತು. ಆಲೂಗಡ್ಡೆಗೆ ಹಸಿ ಚೀಸು ಕಲಸಿ ಫೆಲೀಸಿ ಮರದ ಸೌಟಿನಿಂದ ಎತ್ತಿದರೆ ಎಳೆ ಮೊಳದುದ್ದ ಹರಿಯಿತು. ಅವಳ ತೋಳು ಮೇಲೇರುವುದನ್ನು ಅಮಾನ್ಸ್ ನೋಡಿದ. ಆರು ವರ್ಷ ಇದೇ ತೋಳನ್ನು ಮೇಜಿನ ಆ ತುದಿಯಿಂದ ನೋಡಿದ್ದ. ಎಷ್ಟು ಹತ್ತಿರ ಇದ್ದಾಳೆ ಈಗ, ಕೈ ಚಾಚಿದರೆ ಸಿಗುವಷ್ಟು.

"ನಿಧಾನ ತಿನ್ನು ಮಾರಾಯ, ಯಾರೂ ಕಿತ್ಕೊಳ್ಳಲ್ಲ" ಎಂದಳು ಅವಳು ನಗುತ್ತ.

ನಿಧಾನ ಎಲ್ಲಿಂದ ಬರಬೇಕು? ಆಳಿನ ಅಭ್ಯಾಸ. ಅವಳ ತಟ್ಟೆ ಅರ್ಧವಾಗುವಷ್ಟರಲ್ಲಿ ಇವನದು ಖಾಲಿ. ಇನ್ನು ಹೇಳಿಬಿಡಬೇಕು ಎಂದುಕೊಂಡ. ಕೈ ಖಾಲಿ ಇದ್ದರೆ ಮಾತು ಸಲೀಸಾಗಿ ಬರುತ್ತದೆ ಎಂದು, ಚಾಕಿನ ಅಲಗನ್ನು ಬ್ರೆಡ್ಡಿನ ಚೂರಿಗೆ ಆ ಕಡೆ ಈ ಕಡೆ ಒರೆಸಿದ. ಮೆಲ್ಲಗೆ ಮಡಚಲು ಹೋದ. ಬೆರಳು ಬೆವೆತಿತ್ತು.

ಟಪ್!

ತೊಯ್ನುವಿಗೆ ಗುಡುಗು ಕೇಳಿಸುವುದಿಲ್ಲ, ಚರ್ಚಿನ ಗಂಟೆ ಕೇಳಿಸುವುದಿಲ್ಲ. ಇದು ಕೇಳಿಸಿತು. ಬಾಯಲ್ಲಿದ್ದ ತುತ್ತಿನ ಸಮೇತ ಮುದುಕ ಎದ್ದು ನಿಂತು, ತನ್ನ ಚಾಕು ಮಡಚಿ, ಹಾಳಾದವನು, ಊಟದ ಕೊನೆಗೆ ಕೊಡುವ ಚೀಸು ಇನ್ನೂ ಬಂದಿಲ್ಲ ಎಂದು ಗೊಣಗುತ್ತ ಕೊಟ್ಟಿಗೆಗೆ ಹೋದ. ಫೆಲೀಸಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದಳು. ಆಮೇಲೆ ಅವಳೂ ಎದ್ದಳು. ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದಳು.

ಎಲ್ಲರೂ ಎದ್ದರಲ್ಲ, ಆಳು ಕೂತಿರುವುದುಂಟೇ? ಅಮಾನ್ಸ್ ಕೂಡ ಎದ್ದ. ನನ್ನ ಮಾತು ಇವಳಿಗೆ ಕೇಳುವುದು ಬೇಡವಾಗಿದೆ, ಅದಕ್ಕೇ ಎದ್ದಳು ಎಂದುಕೊಂಡ. ಎದೆ ಒಡೆದುಹೋಯಿತು. "ಊಟ ಚೆನ್ನಾಗಿತ್ತು, ಫೆಲೀಸಿ" ಎಂದ. "ಹೂಂ" ಎಂದಳು ಅವಳು, ಗೋಡೆ ನೋಡುತ್ತ. ಟೋಪಿ ಹಾಕಿಕೊಂಡು ಹೊರಟ.

ಎರಡು ಮೈಲಿ ಇಳಿದಿರಬೇಕು. ಕವಲುದಾರಿಯ ಕಲ್ಲಿನ ಮೇಲೆ ಕೂತು ಅತ್ತ, ಸುಳ್ಳೇಕೆ ಹೇಳಲಿ. ಅತ್ತು ಹಗುರಾದಾಗ ಹಸಿವಾಯಿತು. ಆಗ ಹೊಳೆಯಿತು, ಚೀಸು ಬಂದಿರಲಿಲ್ಲ. ಕಾಫಿ ಇರಲಿಲ್ಲ. ಒಲೆಯ ಪಕ್ಕ ಬಟ್ಟೆ ಮುಚ್ಚಿದ ಸಿಹಿ ರೊಟ್ಟಿ ಇತ್ತು, ಅದನ್ನು ಬಿಚ್ಚಿರಲೇ ಇಲ್ಲ. ಹಾಗಾದರೆ ಊಟ ನಿಲ್ಲಿಸಿದವರು ಯಾರು? ತಾನು ಕೂತದ್ದು ಎಲ್ಲಿ?

"ಅಯ್ಯೋ ಪೆದ್ದೇ! ಅಯ್ಯೋ ಕತ್ತೇ!" ಎಂದು ಹಣೆ ಚಚ್ಚಿಕೊಂಡು ಏರು ಹತ್ತಿ ಓಡಿದ. ಅರ್ಧ ದಾರಿಯಲ್ಲಿ ಕಾಮಿಲ್‌ನ ವ್ಯಾನು ಎದುರಿಗೆ ಬಂತು. ಕಾಮಿಲ್ ಖುಷಿಯಿಂದ ಕೈ ಬೀಸಿ ಹೋದ. ಅಮಾನ್ಸ್ ಓಟ ನಿಲ್ಲಿಸಲಿಲ್ಲ.

ಫೆಲೀಸಿ ಬಾಗಿಲಲ್ಲೇ ನಿಂತಿದ್ದಳು.

"ನಾನು ಬೇಕು ಅಂತ ಮಡಚಿದ್ದಲ್ಲ!" ಎಂದ, ಏದುಸಿರು ಬಿಡುತ್ತ. "ನಿಮ್ಮಪ್ಪನ ಭಯ. ತಿಂದು ಮುಗಿಸಿ ಮಡಚಿಟ್ಟೆ, ಅಷ್ಟೇ. ಯಾವ ಕುರ್ಚಿ ಅಂತ ಮರ್ತೇಹೋಯ್ತು."

"ನಮ್ಮಪ್ಪ ಸತ್ತು ಹತ್ತೊಂಬತ್ತು ವರ್ಷ ಆಯ್ತಲ್ಲೋ."

"ನನ್ನ ಕೈಗೆ ಗೊತ್ತಿಲ್ಲ ಅದು. ಫೆಲೀಸಿ, ಹೋಗ್ಬೇಡ, ನನ್ನ ಮದುವೆ ಆಗು."

ಅವಳ ಕಣ್ಣು ತುಂಬಿತು. ಮುಂದಿನ ಮಾತು ಸಿಟ್ಟಿನಲ್ಲೇ ಬಂತು. "ಈಗ ಬಂತಾ ಬಾಯಿ? ಆಗ ನೀನು ಚಾಕು ಮಡಚಿ ಎದ್ದು ಹೋದಾಗ ನಾನೇನು ಅಂದ್ಕೋಬೇಕಿತ್ತು? ಇವನಿಗೆ ನಾನು ಬೇಡ ಅಂತ ತಾನೇ? ಕಾಮಿಲ್ ಬಂದ, ಕೈ ಚಾಚಿದ, ಕೈ ಮೇಲೆ ಕೈ ಹೊಡೆದು ಮಾತು ಕೊಟ್ಟೆ. ಆ ಇನ್ನೊಬ್ಬಳಿಗೆ ಬೇಡ ಅಂತ ಹೇಳೋಕೆ ಹೋಗ್ತಿದ್ದಾನೆ ಈಗ."

ಕೈ ಹೊಡೆದು ಕೊಟ್ಟ ಮಾತನ್ನು ನಮ್ಮ ಕಡೆ ಯಾರೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಅದೂ ಕಾಯಿಲೆ ಬಿದ್ದ ತಂಗಿಗೆ ಕೊಟ್ಟದ್ದು. ಅಮಾನ್ಸ್ ತೆಗೆದುಕೋ ಎಂದು ಕೇಳಲೂ ಇಲ್ಲ.

"ಎಂಟು ವರ್ಷ" ಎಂದ.

"ಎಂಟು ವರ್ಷ" ಎಂದಳು. "ಕಾಯ್ತೀಯಾ?"

"ಕಾಯ್ತೀನಿ. ಭಾನುವಾರ ಭಾನುವಾರ ಬರ್ಲಾ?"

"ಬಾ." ಏಪ್ರನ್ನಿನ ತುದಿಯಿಂದ ಮೂಗು ಒರೆಸಿಕೊಂಡಳು. "ಅದು ಪೇಟೆ ಮನೆ. ತಟ್ಟೆ ಪಕ್ಕ ಅವರೇ ಚಾಕು ಇಡ್ತಾರೆ. ಮಡಚೋಕೆ ಬರಲ್ಲ."

ಇದು ಮೂರನೆಯ ವರ್ಷ. ಭಾನುವಾರ ಬೆಳಗಿನ ಬಸ್ಸಿಗೆ ಅಮಾನ್ಸ್ ಎಸ್ಪಾಲ್ಯೋಗೆ ಇಳಿಯುತ್ತಾನೆ. ಮೇಜಿನ ಸುತ್ತ ಆರು ಜನ; ಫೆಲೀಸಿ ಮಕ್ಕಳಿಗೆ ಮಾಂಸ ಕತ್ತರಿಸಿ ಕೊಡುತ್ತ, ತಂಗಿಯ ಕೋಣೆಗೂ ಅಡುಗೆಮನೆಗೂ ಓಡಾಡುತ್ತ ಇರುತ್ತಾಳೆ. ಮಾತಿಗೆ ಪುರುಸೊತ್ತು ಸಿಗುವುದಿಲ್ಲ. ಇವನು ಈಗ ನಿಧಾನವಾಗಿ ತಿನ್ನುತ್ತಾನೆ. ಮಕ್ಕಳು ಆಡಲು ಹೋದರೂ, ಕಾಮಿಲ್ ನಿದ್ದೆಗೆ ಹೋದರೂ, ಒಂದು ಚೂರು ಚೀಸನ್ನು ತಟ್ಟೆಯಲ್ಲಿ ಉಳಿಸಿಕೊಂಡು ಕೂತಿರುತ್ತಾನೆ. ಕೊನೆಗೆ ಅವಳು ಬಂದು ಎದುರಿಗೆ ಕೂರುತ್ತಾಳೆ, ಒಮ್ಮೊಮ್ಮೆ ಹತ್ತು ನಿಮಿಷ, ಒಮ್ಮೊಮ್ಮೆ ಅರ್ಧ ಗಂಟೆ. ಆರೂಕಾಲಿಗೆ ಚೌಕದಲ್ಲಿ ಬಸ್ಸು ಹಾರನ್ ಹೊಡೆಯುತ್ತದೆ, ಅಮಾನ್ಸ್ ಏಳುತ್ತಾನೆ.