ಮಿಸ್ರಿಯಾಳಿಗೊಂದು ಜಾಗ

ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಮೊಯಿದಿನಬ್ಬ ಸೌದಿಯ ಅಲ್ ಖೋಬರಿನ ತಮ್ಮ ಫ್ಲಾಟಿನಲ್ಲಿ ಮಗಳ ಉಗುರು ಕತ್ತರಿಸುತ್ತಿದ್ದರು. ಬೆಂಗಳೂರಿನಲ್ಲಿ ಆಗ ಹತ್ತು ನಲವತ್ತು. ಮೇಜಿನ ಮೇಲಿಟ್ಟ ಮೊಬೈಲಿನಲ್ಲಿ ಹೈಕೋರ್ಟಿನ ಕಲಾಪ ಶುರುವಾಗಿತ್ತು. ಯಾರದೋ ಜಮೀನಿನ ವ್ಯಾಜ್ಯ ನಡೆದಿತ್ತು.

ಮಗಳು ಮಿಸ್ರಿಯಾಳಿಗೆ ಮೂವತ್ತೊಂದು ವರ್ಷ. ತಾನಾಗಿ ಉಣ್ಣಲಾರಳು, ಏಳಲಾರಳು. ಫಿಟ್ಸ್ ಬಂದರೆ ಪಕ್ಕದಲ್ಲಿ ಯಾರಾದರೂ ಇರಲೇಬೇಕು. ಮೊಯಿದಿನಬ್ಬ ರಾಸ್ ಅಲ್ ಖೈರ್‌ನಲ್ಲಿ ಸಮುದ್ರದ ನೀರನ್ನು ಸಿಹಿಯಾಗಿಸುವ ಸ್ಥಾವರದ ಪ್ರಯೋಗಾಲಯದಲ್ಲಿದ್ದಾರೆ. ಜೂನ್ ಹದಿನೈದಕ್ಕೆ ಕರಾರು ಮುಗಿಯುತ್ತದೆ; ಅದರೊಂದಿಗೆ ಸೌದಿಯಲ್ಲಿ ವಾಸಿಸಲು ಬೇಕಾದ ಅಪ್ಪ-ಮಗಳ ಇಕಾಮಾವೂ. ಊರಿಗೆ ಹೋದ ಕೂಡಲೇ ಅವರಿಗೆ ಹೃದಯದ ಆಪರೇಷನ್ ಆಗಬೇಕು. ಆಮೇಲೆ ಮಗಳನ್ನು ಎತ್ತುವಂತಿಲ್ಲ ಎಂದು ಡಾಕ್ಟರು ಹೇಳಿಯಾಗಿದೆ. ಹತ್ತಿರದ ನೆಂಟರು ಯಾರೂ ಉಳಿದಿಲ್ಲ. ಊರಿನ ಆರೈಕೆ ಕೇಂದ್ರದಲ್ಲಿ ಅವಳಿಗೊಂದು ಜಾಗ ಕೇಳಿ ಜಿಲ್ಲಾ ಕಚೇರಿಗೆ ಅರ್ಜಿ ಕೊಟ್ಟು ಎರಡು ವರ್ಷವಾಯಿತು. ಪರಿಶೀಲನೆಯಲ್ಲಿದೆ ಎಂಬ ಉತ್ತರವೇ ಬರುತ್ತಿದ್ದುದರಿಂದ ಅವರು ಕೋರ್ಟಿಗೆ ಹೋಗಿದ್ದರು.

ಅವರು ಕೆಲಸಕ್ಕೆ ಹೋದಾಗ ಮಿಸ್ರಿಯಾಳ ಬಳಿ ಕೂರುವವಳು ಪಕ್ಕದ ಫ್ಲಾಟಿನ ಭಟ್ಕಳದ ಬತೂಲ್. ಆಕೆ ಚಹಾ ತಂದಿಟ್ಟಳು.

"ಭಾಯ್, ಒಳ್ಳೆ ಅಂಗಿ ಹಾಕಿಕೊಳ್ಳಿ. ಜಡ್ಜ್ ನಿಮ್ಮನ್ನು ನೋಡಿ, ಜಾಗ ಇವರಿಗೇ ಬೇಕು ಅಂದುಬಿಟ್ಟಾರು."

"ಹೇಳ್ಲಿ ಮಾರಾಯ್ತಿ. ನಮ್ಮನ್ನು ಒಟ್ಟಿಗೇ ಇಟ್ಟುಕೊಳ್ಳಲಿ, ಆಗದಾ?"

ಕೇಸು ಕೂಗಿದರು. ಮೊಯಿದಿನಬ್ಬರ ವಕೀಲೆ ಹಸ್ನಾ ಎಲ್ಲವನ್ನೂ ಚುಟುಕಾಗಿ ಹೇಳಿದರು. ಸರ್ಕಾರಿ ವಕೀಲರು ಎದ್ದು, "ತುರ್ತು ಏನಿಲ್ಲ ಸ್ವಾಮಿ. ನೋಡಿಕೊಳ್ಳುವವರು ಮನೆಯಲ್ಲೇ ಇದ್ದಾರೆಂದು ತಂದೆಯೇ ಅಧಿಕಾರಿಗೆ ಹೇಳಿದ್ದಾರೆ" ಎಂದರು.

"ಅದು ಅರ್ಜಿ ಕೊಟ್ಟ ದಿನದ ಮಾತು. ಕಳೆದ ರಂಜಾನಿನಲ್ಲಿ ತಾಯಿ ತೀರಿಕೊಂಡರು. ಕಚೇರಿಗೆ ತಿಳಿಸಿದ್ದೇವೆ" ಎಂದರು ಹಸ್ನಾ.

ಆ ವಿಷಯ ತಮಗೆ ಬಂದಿಲ್ಲ, ಹೊಸದಾಗಿ ವಿಚಾರಿಸಲು ಸಮಯ ಬೇಕು ಎಂದರು ಸರ್ಕಾರಿ ವಕೀಲರು. ನ್ಯಾಯಾಧೀಶರು ಗದರಿಸಿದರು. ಆದರೆ ವರದಿಯಿಲ್ಲದೆ ಆದೇಶ ಕೊಡಲಾಗದೆಂದು ಕೇಸನ್ನು ಬೇಸಿಗೆ ರಜೆಯ ಆಚೆಗೆ, ಜೂನ್ ಕೊನೆಯ ವಾರಕ್ಕೆ ಹಾಕಿದರು.

ಮೊಯಿದಿನಬ್ಬ ಮೊಬೈಲ್ ಮಗುಚಿಟ್ಟರು.

"ಎಂತ ಆಯ್ತು ಭಾಯ್?"

"ಇನ್ನೊಮ್ಮೆ ಕೇಳ್ತಾರಂತೆ. ಅಷ್ಟರಲ್ಲಿ ನಾವು ಇಲ್ಲಿರುವುದಿಲ್ಲ."

"ನೀವು ಅಂಥದ್ದು ಎಂತ ಹೇಳಿದ್ದಿರಿ ಆವತ್ತು?"

ಅವರು ಮಗಳ ಉಳಿದ ಉಗುರು ಕತ್ತರಿಸತೊಡಗಿದರು. ರಜೆಯಲ್ಲಿ ಊರಿಗೆ ಹೋಗಿ ಅರ್ಜಿ ಕೊಟ್ಟ ಆ ದಿನ ಜಿಲ್ಲಾ ಕಚೇರಿಯಲ್ಲಿ ಹೆಂಡತಿ ನಫೀಸತ್ ಗಾಲಿಕುರ್ಚಿಯ ಪಕ್ಕ ನಿಂತು ಮಗಳ ಬಾಯಿ ಒರೆಸುತ್ತಿದ್ದಳು. ಈ ಹುಡುಗಿಯನ್ನು ನೋಡಿಕೊಳ್ಳುವವರು ಮನೆಯಲ್ಲಿ ಎಷ್ಟು ಜನ ಎಂದು ಅಧಿಕಾರಿ ತಲೆಯೆತ್ತದೆ ಕೇಳಿದ್ದರು. ಕಂಡದ್ದನ್ನು ಕಂಡಷ್ಟೇ ಹೇಳುವುದು ಪ್ರಯೋಗಾಲಯದವರ ಅಭ್ಯಾಸ. ಮೊಯಿದಿನಬ್ಬ ಹೆಂಡತಿಯ ಕಡೆ ಒಮ್ಮೆ ನೋಡಿ, ಎಲ್ಲರಿಗೂ ಕೇಳುವಂತೆ ಹೇಳಿದ್ದರು: "ಇಬ್ಬರು."